ತಪ್ಪು ಹೇಳುವ ಲೋಕನಾಥ

ಉಪ್ಪಳ ಪೇಟೆಯ ಬೇಕರಿಯೊಂದರ ಮಾಳಿಗೆಯಲ್ಲಿ ಲೋಕನಾಥ ಡಿಟೆಕ್ಟಿವ್ ಆಫೀಸು ತೆರೆದಾಗ ಊರಿನವರು ಮೀಸೆಯಡಿಯಲ್ಲಿ ನಕ್ಕರು. ಪೆರ್ಲ ಕಡೆಯ ಬಸ್ಸಿನಲ್ಲಿ ವರ್ಷಾನುಗಟ್ಟಲೆ ಕಂಡಕ್ಟರಾಗಿದ್ದು, ಒಂದು ದಿನ ಮಾಲಕರೊಡನೆ ಜಗಳವಾಡಿ ಚೀಲ ಬಿಸಾಡಿ ಬಂದವನು ಇನ್ನೆಂತ ಪತ್ತೆ ಮಾಡಿಯಾನು ಎಂದು. ಆದರೆ ಬೋರ್ಡು ಹಾಕಿದ ವಾರದಲ್ಲೇ ಜನ ಮೆಟ್ಟಿಲು ಹತ್ತಿ ಬರತೊಡಗಿದರು. ಕೆಲಸ ಕೊಡಲಿಕ್ಕೆಂದು ಯಾರೂ ಬಂದದ್ದಲ್ಲ. ಬೋರ್ಡಿನ ಮಲಯಾಳ ಸಾಲಿನಲ್ಲಿ ಒಂದು ಅಕ್ಷರ ತಪ್ಪಿತ್ತು, ಅದನ್ನು ಹೇಳಿ ಹೋಗಲಿಕ್ಕೆ ಬಂದರು. ಬಂದವರು ಕೂತರು, ಕೂತವರಿಗೆ ಕೆಳಗಿನಿಂದ ಚಹಾ ಬಂತು, ಚಹಾ ಮುಗಿಯುವುದರೊಳಗೆ ನಾಲ್ಕು ಮನೆಗಳ ಸುದ್ದಿ ಹೊರಗೆ ಬಿತ್ತು. ತನ್ನ ಕಸುಬು ಹೇಗೆ ಮಾಡಬೇಕೆಂದು ಲೋಕನಾಥನಿಗೆ ಆಗ ಹೊಳೆಯಿತು. ಬೋರ್ಡನ್ನು ಅವನು ತಿದ್ದಿಸಲೇ ಇಲ್ಲ.

ಅಂದಿನಿಂದ ಅವನು ಯಾರನ್ನೂ ನೇರವಾಗಿ ಪ್ರಶ್ನೆ ಕೇಳಿದ್ದಿಲ್ಲ. ಪ್ರಶ್ನೆ ಕೇಳಿದರೆ ನಮ್ಮ ಜನ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ; ತಪ್ಪು ಹೇಳಿದರೆ ಮಾತ್ರ ತಡೆದುಕೊಳ್ಳಲಾರರು. ಅಂಗಡಿ ಜಗಲಿಯಲ್ಲಿ ನಿಂತು, ಆ ಮನೆಯ ಹುಡುಗ ಕುವೈತಿನಲ್ಲಿ ಮ್ಯಾನೇಜರಂತೆ ಅಂದರೆ ಸಾಕು. ಕುವೈತಲ್ಲ ಮಾರಾಯ, ಕತಾರ್. ಮ್ಯಾನೇಜರೂ ಅಲ್ಲ, ಗೋಡೌನಿನಲ್ಲಿ ಸಾಮಾನು ಜೋಡಿಸುವುದು. ಮೊದಲೊಂದು ನಿಶ್ಚಿತಾರ್ಥ ಮುರಿದದ್ದೂ ಉಂಟು ಎಂದು ಮೂರು ಜನ ಮೂರು ಕಡೆಯಿಂದ ತಿದ್ದುತ್ತಿದ್ದರು. ಲೋಕನಾಥ ಹೌದಾ, ಹೌದಾ ಎಂದು ತಲೆಯಾಡಿಸಿ, ವಿಷಯ ಎಲ್ಲ ಕಿಸೆಗೆ ಬಿದ್ದಂತೆ ಹೊರಟು ಬರುತ್ತಿದ್ದ. ಮಂಜೇಶ್ವರದಿಂದ ಕುಂಬಳೆವರೆಗಿನ ಮದುವೆ ವಿಚಾರಣೆಗಳೆಲ್ಲ ಹೀಗೆ ಅವನ ಪಾಲಿಗೆ ಬಂದವು. ಕಾಗದದಲ್ಲಿ ಬರೆದು ಕೊಡುವ ಪದ್ಧತಿ ಅವನದಲ್ಲ. ಗಿರಾಕಿಯ ಎದುರು ಕೂತು ಬಾಯಲ್ಲೇ ಹೇಳುತ್ತಿದ್ದ. ಅವನ ಮಾತಿನ ಮೇಲೆ ಮದುವೆಗಳು ನಿಲ್ಲುತ್ತಿದ್ದವು, ಬೀಳುತ್ತಿದ್ದವು. ಅದು ಅವನಿಗೆ ಹೆಮ್ಮೆಯೂ ಹೌದು, ಒಳಗೊಳಗೆ ಭಯವೂ ಹೌದು.

ಕುತೂಹಲ ಅವನ ಹುಟ್ಟುಗುಣ. ಪಕ್ಕದ ಮನೆಯ ಒಗ್ಗರಣೆ ಪರಿಮಳದಿಂದ ಅವರಲ್ಲಿಗೆ ನೆಂಟರು ಬಂದದ್ದನ್ನು ಹೇಳುವವನು. ಹೆಂಡತಿ ಪ್ರಫುಲ್ಲಾ ಬೀಡಿ ಕಟ್ಟುತ್ತ, ನಿಮ್ಮ ಮೂಗಿಗೆ ಒಂದು ದಿನ ಯಾರಾದರೂ ಬಾಗಿಲು ಹಾಕುತ್ತಾರೆ ನೋಡಿ ಎಂದು ಗೇಲಿ ಮಾಡುತ್ತಿದ್ದಳು.

ಇಗರ್ಜಿಯ ಕೆಲಸ ಬಂದದ್ದು 2011ರ ಬೇಸಗೆಯಲ್ಲಿ. ವರ್ಕಾಡಿ ಕಡೆಯ ಕುರುಸುಗುಡ್ಡೆಯಲ್ಲಿ ಕೊಂಕಣಿ ಕ್ರೈಸ್ತರ ಹಳೆಯ ಇಗರ್ಜಿಯೊಂದು ಉಂಟು. ಅಲ್ಲಿನ ಪಾದ್ರಿ ಫಾದರ್ ಹಿಲರಿ ತಾವೇ ಸ್ಕೂಟರಿನಲ್ಲಿ ಬಂದು ಮೆಟ್ಟಿಲು ಹತ್ತಿದರು. ಬೋರ್ಡಿನ ತಪ್ಪಿನ ಬಗ್ಗೆ ಅವರು ಏನೂ ಹೇಳಲಿಲ್ಲವಾದ್ದರಿಂದ, ವಿಷಯ ಗಂಭೀರವೇ ಇರಬೇಕೆಂದು ಲೋಕನಾಥ ಊಹಿಸಿದ. ಇಗರ್ಜಿಯಲ್ಲಿ ಸುಣ್ಣಬಣ್ಣದ ದೊಡ್ಡ ಕೆಲಸ ನಡೆಯುತ್ತಿತ್ತು. ಆ ಗಡಿಬಿಡಿಯಲ್ಲಿ ಮೊದಲು ಹಿತ್ತಾಳೆಯ ತೂಗುದೀಪ ಕಾಣೆಯಾಯಿತು. ಆಮೇಲೆ ಬಾಗಿಲ ಬಳಿ ತೀರ್ಥ ಇಡುವ ಬೋಗುಣಿ. ಕಳೆದ ವಾರ ಧೂಪ ಹಾಕುವ ಪಾತ್ರೆ. ಪೊಲೀಸರಿಗೆ ಹೇಳಿದರೆ ಮರುದಿನ ಪೇಪರಿನಲ್ಲಿ ಬರುತ್ತದೆ, ಇಗರ್ಜಿಗೆ ಕನ್ನ ಹಾಕಿದರು ಎಂದಾಗುತ್ತದೆ, ಹಾಕಿದವರು ಯಾವ ಜಾತಿ ಎಂದು ಜನ ಹುಡುಕಲಿಕ್ಕೆ ಶುರುಮಾಡುತ್ತಾರೆ. ಕಾಲ ಸರಿ ಇಲ್ಲ ಎಂದರು ಫಾದರ್. ಬರುವ ಆದಿತ್ಯವಾರದವರೆಗೆ ಮಾತ್ರ ಕಮಿಟಿಯವರನ್ನು ತಡೆದು ಹಿಡಿಯುತ್ತೇನೆ, ಅಷ್ಟರೊಳಗೆ ಆಗುತ್ತದೋ ನೋಡಿ ಎಂದು ಎದ್ದರು.

ಅದೇ ವಾರ ಲೋಕನಾಥನ ಕೈಯಲ್ಲಿ ಇನ್ನೊಂದು ಕೆಲಸವಿತ್ತು. ಕುಂಬಳೆಯ ಅಂದುಂಞಿ ಹಾಜಿ, ಶಾರ್ಜಾದಲ್ಲಿರುವ ತನ್ನ ಮಗ ಇರ್ಷಾದನಿಗೆ ಉಪ್ಪಳದ ರಸೀನಾ ಎಂಬ ಹುಡುಗಿಯನ್ನು ನೋಡಿದ್ದ. ಹುಡುಗಿ ಒಪ್ಪಿಗೆ. ತಂದೆ ಇಬ್ರಾಹಿಂ ಗುಜರಿ ಅಂಗಡಿಯವನು. ಗುಜರಿಯವನೆಂಬುದು ಹಾಜಿಗೆ ತೊಂದರೆಯಲ್ಲ, ಅಂಗಡಿಗೆ ಬರುವ ಮಾಲು ಎಂಥದ್ದು ಎಂಬುದಷ್ಟೇ ಅವನ ಚಿಂತೆ. ಮನುಷ್ಯ ಚೊಕ್ಕವಾ ಎಂದು ತಿಳಿದು ಬಾ ಎಂದಿದ್ದ. ಲೋಕನಾಥನಿಗೆ ಇಬ್ರಾಹಿಂ ಬಸ್ಸಿನ ಕಾಲದಿಂದಲೇ ಪರಿಚಯ. ಪಾತ್ರೆಯ ಗೋಣಿ ಹೊತ್ತು ಬಸ್ಸು ಹತ್ತುತ್ತಿದ್ದ, ಗೋಣಿಗೂ ಟಿಕೆಟು ಕೇಳಿ ಪಡೆಯುತ್ತಿದ್ದ ಮನುಷ್ಯ. ಈ ವಿಚಾರಣೆ ಸುಲಭದ್ದು ಎಂದುಕೊಂಡಿದ್ದ.

ಹಿತ್ತಾಳೆ ಕದ್ದವನು ಗುಜರಿಯವನ ಹತ್ತಿರವೇ ಹೋಗಬೇಕು. ಲೋಕನಾಥ ಹೊಸಂಗಡಿಯಿಂದ ಶುರುಮಾಡಿ ಒಂದೊಂದೇ ಗುಜರಿ ಅಂಗಡಿ ಹೊಕ್ಕು, ಹಳೆಯ ಹಂಡೆ ಬೇಕಿತ್ತೆಂದು ಚೌಕಾಶಿ ಮಾಡುತ್ತ ಕಣ್ಣಾಡಿಸಿದ. ಕೊನೆಗೆ ಇಬ್ರಾಹಿಮನ ಅಂಗಡಿಗೂ ಬಂದ. ಅವನು ಮಧ್ಯಾಹ್ನದ ನಮಾಜಿಗೆ ಹೋಗಿದ್ದ. ಒಳಗಿದ್ದ ಹೆಂಡತಿ ಮರಿಯುಮ್ಮ, ಹಂಡೆ ಅಟ್ಟದಲ್ಲಿ ಇದ್ದರೂ ಇರಬಹುದು, ನೀವೇ ಹತ್ತಿ ನೋಡಿ ಎಂದಳು. ಲೋಕನಾಥ ಏಣಿ ಹತ್ತಿದ.

ಹಂಡೆ ಇರಲಿಲ್ಲ. ಮೂಲೆಯಲ್ಲಿ, ತಗಡು, ತಂತಿ, ಮುರಿದ ಫ್ಯಾನುಗಳಿಂದ ದೂರಕ್ಕೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಮೂರು ಗಂಟುಗಳಿದ್ದವು. ಒಗೆದು ನೀಲಿ ಹಾಕಿದ ಬಟ್ಟೆ. ಬಿಚ್ಚಿದರೆ ತೂಗುದೀಪ, ಬೋಗುಣಿ, ಧೂಪದ ಪಾತ್ರೆ. ಮೂರನ್ನೂ ಹುಣಸೆಹುಳಿ ಹಾಕಿ ತಿಕ್ಕಿ ಬೆಳಗಿದ್ದರು. ಕಳ್ಳಮಾಲು ಸಿಕ್ಕಿದ ಸಂತೋಷ ಲೋಕನಾಥನಿಗೆ ಆಗಲೇ ಇಲ್ಲ. ಗಂಟುಗಳನ್ನು ಇದ್ದ ಹಾಗೆಯೇ ಕಟ್ಟಿಟ್ಟು ಕೆಳಗಿಳಿದ.

ಇಬ್ರಾಹಿಂ ಬಂದ ಮೇಲೆ ಅಟ್ಟದಲ್ಲಿ ಹಿತ್ತಾಳೆ ಏನಾದರೂ ಉಂಟಾ ಎಂಬರ್ಥ ಬರುವಂತೆ ಲೋಕನಾಥ ಸುತ್ತಿ ಬಳಸಿ ಮಾತಾಡಿದ. ಇಬ್ರಾಹಿಂ ಮುಖ ತಿರುಗಿಸಿ, ಅಲ್ಲಿ ಮಾರುವಂಥದ್ದು ಏನೂ ಇಲ್ಲ ಎಂದ. ಆಗ ಲೋಕನಾಥ ತನ್ನ ಹಳೆಯ ಉಪಾಯ ತೆಗೆದ.

“ಮೇಲೆ ದೇವಸ್ಥಾನದ ದೀಪವೊಂದು ಕಂಡ ಹಾಗಾಯ್ತು, ಇಬ್ರಾಹಿಂಚ್ಚ.”

ಇಬ್ರಾಹಿಮನಿಗೆ ನೋವಾಯಿತು. ತಡೆದುಕೊಳ್ಳಲಾಗಲಿಲ್ಲ.

“ದೇವಸ್ಥಾನದ್ದಲ್ಲ, ಪಳ್ಳಿಯದ್ದು. ಪಳ್ಳಿಯ ಕೆಲಸದ ಮೇಸ್ತ್ರಿಯೇ ತಂದು ಕೊಟ್ಟದ್ದು. ಅದು ಮಾರಲಿಕ್ಕೆ ಇಟ್ಟದ್ದಲ್ಲ, ಲೋಕನಾಥ. ನೀನು ಅದರ ಸುದ್ದಿ ಯಾರ ಹತ್ತಿರವೂ ತೆಗೀಬೇಡ.”

ಉಪ್ಪಳದಲ್ಲಿ ಪಳ್ಳಿ ಎಂದರೆ ಮಸೀದಿ. ತುಳುವಿನವರಿಗೂ, ಕನ್ನಡದವರಿಗೂ, ಇಲ್ಲಿನ ಮುಸ್ಲಿಮರಾದ ಬ್ಯಾರಿಗಳಿಗೂ ಅದರಲ್ಲಿ ಎರಡು ಮಾತಿಲ್ಲ. ಇಬ್ರಾಹಿಂ ನಮಾಜಿಗೆ ಹೋಗುವ ಪಳ್ಳಿಯನ್ನು ಕೆಡವಿ ಆ ವರ್ಷ ಹೊಸದಾಗಿ ಕಟ್ಟುತ್ತಿದ್ದರು, ನಮಾಜು ಶೀಟಿನ ಚಪ್ಪರದಲ್ಲಿ ನಡೆಯುತ್ತಿತ್ತು. ಲೋಕನಾಥ ನೇರ ಅಲ್ಲಿಗೆ ಹೋಗಿ, ಪಳ್ಳಿ ನೋಡಿಕೊಳ್ಳುವ ಮುಕ್ರಿಯ ಎದುರು, ಹಳೆಯ ದೀಪ ಗುಜರಿಗೆ ಕೊಟ್ಟಿರಂತೆ ಎಂದ. ಮುದುಕ ಕೆಂಡವಾದ. ಅವನನ್ನು ಎಳೆದುಕೊಂಡು ಹೋಗಿ ಮದ್ರಸದ ಬೀಗ ತೆಗೆದು ತೋರಿಸಿದ. ಪಳ್ಳಿಯ ದೀಪ, ಪಾತ್ರೆ ಎಲ್ಲ ಅಲ್ಲೇ ಇದ್ದವು. ಗುಜರಿಗೆ ಒಂದು ಮೊಳೆಯೂ ಹೋಗಿರಲಿಲ್ಲ.

ಅಂದರೆ ಇಬ್ರಾಹಿಂ ಹೇಳಿದ್ದು ಸುಳ್ಳು. ಇಗರ್ಜಿಯ ಕಳ್ಳಮಾಲನ್ನು ಅಟ್ಟದಲ್ಲಿ ಅಡಗಿಸಿಟ್ಟು, ಮೇಲಿಂದ ತನ್ನ ದೇವರ ಹೆಸರನ್ನೂ ಅದಕ್ಕೆ ಹೊದಿಸಿದ್ದಾನೆ. ಇದನ್ನು ಫಾದರಿಗೆ ಹೇಳಿದರೆ ಇಬ್ರಾಹಿಮನಿಗೆ ಜೈಲು. ಹಾಜಿಗೆ ಹೇಳಿದರೆ ರಸೀನಾಳ ಮದುವೆ ಮುರಿಯಿತು. ಯಾಕೆ ಮುರಿಯಿತೆಂದು ನಾಲ್ಕೂರಿಗೆ ಗೊತ್ತಾದ ಮೇಲೆ ಇನ್ನೊಂದು ಸಂಬಂಧ ಬರುವುದೂ ಕಷ್ಟ. ಹೇಳದೆ ಕೂತರೆ ತಾನು ಎಂಥ ಡಿಟೆಕ್ಟಿವ್? ಲೋಕನಾಥನಿಗೆ ಊಟ ಸೇರಲಿಲ್ಲ. ಬೇರೆಯವರ ಗುಟ್ಟು ಪ್ರಫುಲ್ಲಾಳ ಕಿವಿಗೆ ಹಾಕುವ ಅಭ್ಯಾಸ ಅವನಿಗಿರಲಿಲ್ಲ, ಆದರೆ ಅಂದು ಹೇಳಿಬಿಟ್ಟ.

ಅವಳು ಕೇಳಿಸಿಕೊಂಡು, ಬೀಡಿ ಎಲೆ ಕತ್ತರಿಸುವುದನ್ನು ನಿಲ್ಲಿಸಿದಳು.

“ಕದ್ದ ಮಾಲು ಅಂತ ಗೊತ್ತಿದ್ದವ ಅದನ್ನು ಹುಳಿ ಹಾಕಿ ತಿಕ್ತಾನಾ? ಜಜ್ಜಿ ಮುದ್ದೆ ಮಾಡಿ ಲಾರಿಗೆ ಹಾಕುದಿಲ್ವಾ? ನಾವು ಬೆಳಗುದು ಎಂತದ್ದನ್ನು? ನಾಳೆ ಹಬ್ಬ ಉಂಟು ಅಂದ್ರೆ ದೇವರ ಸಾಮಾನನ್ನು.”

ಈ ಸರಳ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂದು ಲೋಕನಾಥನಿಗೆ ಸಿಟ್ಟು ಬಂತು, ಆದರೆ ಮನಸ್ಸು ಹಗುರವೂ ಆಯಿತು. ಇಬ್ರಾಹಿಂ ಅದನ್ನು ಪಳ್ಳಿಯ ಸಾಮಾನೆಂದು ನಂಬಿಯೇ ಬೆಳಗಿರಬೇಕು. ಹಾಗಾದರೆ ಪಳ್ಳಿಯ ಹೆಸರು ಹೇಳಿ ಅವನಿಗೆ ಟೋಪಿ ಹಾಕಿದ ಮೇಸ್ತ್ರಿ ಯಾರು? ಪಳ್ಳಿಯ ಕೆಲಸಕ್ಕೆ ಇದ್ದವರು ಮೂವರು ಮೇಸ್ತ್ರಿಗಳು. ಲೋಕನಾಥ ಮೂವರ ಹತ್ತಿರವೂ ಹೋಗಿ ತಪ್ಪು ಹೇಳಿ ಬಂದ. ಯಾರ ಬಾಯಿಂದಲೂ ಏನೂ ಉದುರಲಿಲ್ಲ.

ಶನಿವಾರ ಅವನು ಕುರುಸುಗುಡ್ಡೆಗೆ ಹೋದ. ಫಾದರ್ ಹತ್ತಿರ ಇನ್ನೆರಡು ದಿನ ಕೇಳಿಕೊಳ್ಳುವ ಯೋಚನೆ. ಅವರು ಯಾವುದೋ ಕಾಯಿಲೆಯವರ ಮನೆಗೆ ಹೋಗಿದ್ದರು. ಲೋಕನಾಥ ಇಗರ್ಜಿಯೊಳಗೆ ಬೆಂಚಿನಲ್ಲಿ ಕೂತು, ತಿಳಿನೀಲಿ ಬಣ್ಣ ಬಳಿಯುತ್ತಿದ್ದ ಆಳುಗಳನ್ನು ನೋಡುತ್ತಿದ್ದ. ಅವರ ಮೇಸ್ತ್ರಿ ಸಿಬಿ, ತೆಂಕಣ ಕೇರಳದ ಕೋಟ್ಟಯಂ ಕಡೆಯ ಕ್ರೈಸ್ತ. ಗಡ್ಡ ಬಿಟ್ಟ, ನಗುಮುಖದ ಮನುಷ್ಯ. ಅವನ ಮೊಬೈಲು ಹೊಡೆದುಕೊಂಡಿತು. ಕಿವಿಗೆ ಒತ್ತಿಕೊಂಡು, ಆಚೆಯವರಿಗೆ ಮಲಯಾಳದಲ್ಲಿ ಹೇಳಿದ.

“ಞಾನ್ ಇಪ್ಪೋ ಪಳ್ಳಿಯಿಲಾ. ವೈಗೀಟ್ಟು ವಿಳಿಕ್ಕಾಂ.”

ನಾನೀಗ ಪಳ್ಳಿಯಲ್ಲಿದ್ದೇನೆ, ಸಂಜೆಗೆ ಫೋನ್ ಮಾಡುತ್ತೇನೆ. ಲೋಕನಾಥ ಮೊದಲು ನಗಲಿಕ್ಕೆ ಹೊರಟ: ಇಗರ್ಜಿಯಲ್ಲಿ ನಿಂತುಕೊಂಡು ಪಳ್ಳಿಯಲ್ಲಿದ್ದೇನೆ ಎನ್ನುತ್ತಾನಲ್ಲ ಇವ! ತಿದ್ದಲಿಕ್ಕೆ ಅವನ ಬಾಯಿಯೂ ತೆರೆಯಿತು. ಬಾಯಿ ತೆರೆದಲ್ಲೇ ಉಳಿಯಿತು. ತೆಂಕಣದ ಮಲಯಾಳದಲ್ಲಿ ಇಗರ್ಜಿಗೂ ಪಳ್ಳಿ ಎಂದೇ ಹೆಸರು. ಬಸ್ಸಿನಲ್ಲಿ ಇಷ್ಟು ವರ್ಷ ಇಷ್ಟು ಜನ ಮಲಯಾಳಿಗಳ ಮಾತು ಕೇಳಿದ್ದ ಲೋಕನಾಥನಿಗೆ ಅದು ಗೊತ್ತಿಲ್ಲವೆಂದಲ್ಲ. ಆದರೆ ಉಪ್ಪಳದ ಗುಜರಿ ಅಂಗಡಿಯಲ್ಲಿ, ಬ್ಯಾರಿಯೊಬ್ಬನ ಬಾಯಿಂದ ಆ ಮಾತು ಬಂದಾಗ, ಅದಕ್ಕೆ ಇನ್ನೊಂದು ಅರ್ಥ ಉಂಟೆಂದು ಯಾರ ತಲೆಗೆ ಹೋಗುತ್ತದೆ? ಇಬ್ರಾಹಿಮನ ತಲೆಗೂ ಹೋಗಿರಲಿಲ್ಲ.

ಲೋಕನಾಥ ಬಾಯಿ ಮುಚ್ಚಿಕೊಂಡ. ಆಮೇಲೆ ಎದ್ದು ಹೋಗಿ ಸಿಬಿಯೊಡನೆ ಲೋಕಾಭಿರಾಮ ಮಾತಾಡಿದ. ಉಪ್ಪಳದಲ್ಲಿ ತನ್ನ ಮನೆಗೂ ಬಣ್ಣ ಹೊಡೆಸಬೇಕು, ಬಂದು ಒಮ್ಮೆ ಗೋಡೆ ನೋಡಿ ಹೋಗಬಹುದಾ ಎಂದ. ಸಿಬಿ ಖುಷಿಯಿಂದ ಜೀಪು ಹತ್ತಿದ. ಪೇಟೆಯಲ್ಲಿ ಇಳಿದು, ಹೀಗೇ ಬನ್ನಿ, ಇದು ಹತ್ತಿರದ ದಾರಿ ಎಂದು ಲೋಕನಾಥ ಅವನನ್ನು ಗುಜರಿ ಅಂಗಡಿಯ ಎದುರಿನಿಂದಲೇ ಕರೆದೊಯ್ದ. ಸಿಬಿಯ ನಡಿಗೆ ನಿಧಾನವಾಯಿತು. ಅಷ್ಟರಲ್ಲಿ ಇಬ್ರಾಹಿಂ ಅವನನ್ನು ನೋಡಿಯಾಗಿತ್ತು. ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ನಿಂತು, ಬಾಯ್ತುಂಬ ಸಲಾಂ ಹೇಳಿದ.

“ಬನ್ನಿ, ಬನ್ನಿ. ಮರಿಯುಮ್ಮಾ, ಪಳ್ಳಿಯ ಮೇಸ್ತ್ರಿ ಬಂದಿದ್ದಾರೆ, ಲಿಂಬೆ ಶರಬತ್ತು ಮಾಡು.”

ಸಿಬಿಯ ಕಣ್ಣು ನೆಲಕ್ಕೆ ಇಳಿಯಿತು. ಲೋಕನಾಥ ಅವನ ತೋಳು ಮೆಲ್ಲನೆ ಹಿಡಿದು ಸ್ಟೂಲಿನ ಮೇಲೆ ಕೂರಿಸಿದ.

ಆಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಣ್ಣ ಬಳಿಯಲಿಕ್ಕೆಂದು ತೆಗೆದಿಟ್ಟ ಹಳೆಯ ಸಾಮಾನು ಹಿಂದಿನ ಕೋಣೆಯಲ್ಲಿ ಧೂಳು ತಿನ್ನುತ್ತಿತ್ತು, ಯಾರಿಗೂ ಬೇಡವೆಂದುಕೊಂಡು ತೆಗೆದೆ ಎಂದ ಸಿಬಿ. ಆದರೆ ಶಿಲುಬೆಯ ಗುರುತಿದ್ದ ಯಾವುದನ್ನೂ ಅವನು ಮುಟ್ಟಿರಲಿಲ್ಲ. ಬೇಡದ ಸಾಮಾನನ್ನು ಯಾರೂ ಇಷ್ಟು ಹುಷಾರಾಗಿ ಆರಿಸುವುದಿಲ್ಲ ಎಂದ ಲೋಕನಾಥ. ಪಳ್ಳಿಯದ್ದು ಎಂದು ತಾನು ನಿಜವನ್ನೇ ಹೇಳಿದ್ದು, ಈ ಮನುಷ್ಯ ಮೊದಲ ಸಲ ಸಲಾಂ ಹೇಳಿದಾಗಲೇ ಅವನಿಗೆ ಬೇರೆ ಅರ್ಥವಾಗಿದೆ ಎಂದು ತಿಳಿಯಿತು, ತಿಳಿದೂ ಸುಮ್ಮನಿದ್ದೆ ಎಂದು ಮಾತ್ರ ಸಿಬಿ ಒಪ್ಪಿಕೊಂಡ.

ಇಬ್ರಾಹಿಂ ಇದನ್ನೆಲ್ಲ ನಿಂತುಕೊಂಡೇ ಕೇಳಿದ. ನಡೆದದ್ದು ಇಷ್ಟು: ಹೊಸ ಕಟ್ಟಡದ ಆಸೆಯಲ್ಲಿ ಕಮಿಟಿಯವರು ಹಿರಿಯರ ಕಾಲದ ಸಾಮಾನನ್ನು ಗುಜರಿಗೆ ತಳ್ಳುತ್ತಿದ್ದಾರೆಂದು ಅವನಿಗೆ ಬೇಸರವಾಗಿತ್ತು. ಪಳ್ಳಿಯ ಕೆಲಸಕ್ಕೆ ದಿನಾ ಹೊಸ ಮುಖಗಳು ಬಂದುಹೋಗುತ್ತಿದ್ದುದರಿಂದ ಸಿಬಿಯ ಮೇಲೆ ಸಂಶಯವೂ ಬಂದಿರಲಿಲ್ಲ. ಪಳ್ಳಿಯ ವಸ್ತುವಿಗೆ ಸುತ್ತಿಗೆ ಹಾಕಲು ಮನಸ್ಸು ಬಾರದೆ ಎತ್ತಿಟ್ಟ. ಹೊಸ ಪಳ್ಳಿ ಉದ್ಘಾಟನೆಯಾಗುವ ದಿನ ಯಾರಿಗೂ ತಿಳಿಯದಂತೆ ಒಳಗಿಟ್ಟು ಬರುವುದೆಂದು ಮನಸ್ಸಿನಲ್ಲೇ ಸಂಕಲ್ಪ ಮಾಡಿ ನಿಯ್ಯತ್ತು ಇಟ್ಟಿದ್ದ. ಹೇಳಿಕೊಂಡರೆ ಅದರ ಪುಣ್ಯ ಹೋಗುತ್ತದೆಂದು ಹೆಂಡತಿಯನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅದಕ್ಕೇ ಲೋಕನಾಥನೆದುರು ಮುಖ ತಿರುಗಿಸಿದ್ದ. ಅಂಥವನನ್ನು ಅರ್ಧ ದಿನವಾದರೂ ಕಳ್ಳನೆಂದು ತಿಳಿದುಕೊಂಡಿದ್ದಕ್ಕೆ ಲೋಕನಾಥನಿಗೆ ನಾಚಿಕೆಯಾಯಿತು. ಅದನ್ನು ಅಲ್ಲೇ ಹೇಳಿಯೂ ಹೇಳಿದ.

ಆದಿತ್ಯವಾರ ಪೂಜೆ ಬಿಡುವ ಹೊತ್ತಿಗೆ ಇಬ್ರಾಹಿಂ ತಾನೇ ಜೀಪು ಮಾಡಿಕೊಂಡು, ಲೋಕನಾಥನನ್ನೂ ಕೂರಿಸಿಕೊಂಡು ಕುರುಸುಗುಡ್ಡೆಗೆ ಹೋದ. ಮೂರು ಗಂಟುಗಳನ್ನೂ ಬಿಚ್ಚದೆ ಫಾದರ್ ಹಿಲರಿಯ ಕೈಗೆ ಕೊಟ್ಟ. ಫಾದರ್ ಅವನ ಎರಡೂ ಕೈ ಹಿಡಿದುಕೊಂಡರು, ಮಾಲಿಗೆಂದು ಅವನು ಸಿಬಿಗೆ ಕೊಟ್ಟ ದುಡ್ಡನ್ನು ತಮ್ಮಿಂದ ತೆಗೆದುಕೊಳ್ಳಬೇಕೆಂದು ಒತ್ತಾಯ ಮಾಡಿದರು. ಅವನು ಒಪ್ಪಲಿಲ್ಲ. ಸಿಬಿಯನ್ನು ಪೊಲೀಸರಿಗೆ ಕೊಡದೆ ಊರಿಗೆ ಕಳಿಸಿದರು. ಉಳಿದ ಗೋಡೆಗೆ ಬೇರೆಯವರು ಬಣ್ಣ ಹೊಡೆದರು, ನೀಲಿ ಸ್ವಲ್ಪ ಹೆಚ್ಚುಕಡಿಮೆಯಾಯಿತು. ಹಿಂದೆ ಬರುವಾಗ ಜೀಪಿನಲ್ಲಿ ಇಬ್ರಾಹಿಂ ಬಾಯಿ ತೆರೆದ.

“ಅವರ ಸಾಮಾನು ಅವರಿಗೆ ಮುಟ್ಟಿತು, ಒಳ್ಳೇದಾಯ್ತು. ಆದರೆ ಪಳ್ಳಿಗೆ ಅಂತ ನಿಯ್ಯತ್ತು ಮಾಡಿದ್ದೆ, ಲೋಕನಾಥ. ಅದು ಪಳ್ಳಿಗೆ ಮುಟ್ಲಿಲ್ಲ.”

ಅಲ್ಲಿಗೆ ಮುಗಿಯಿತು ಎನ್ನುವ ಹಾಗಿರಲಿಲ್ಲ. ಪೂಜೆಗೆ ಬಂದ ಅಷ್ಟೂ ಜನ ನೋಡಿದ್ದರು: ಇಗರ್ಜಿಯಿಂದ ಕಳವಾದ ದೀಪ ಉಪ್ಪಳದ ಗುಜರಿಯವನ ಜೀಪಿನಿಂದ ಇಳಿಯಿತು. ಸುದ್ದಿ ಕುಂಬಳೆಗೆ ಬಸ್ಸಿಗಿಂತ ಮೊದಲು ತಲಪಿತು. ಮರುದಿನವೇ ಅಂದುಂಞಿ ಹಾಜಿಯ ಫೋನು. ದನಿ ಗಡುಸಾಗಿತ್ತು.

ಹಾಜಿಯ ಮನೆಯ ಸಿಟೌಟಿನಲ್ಲಿ ಹಾಜಿ, ಅವನ ತಮ್ಮ, ಹೆಂಡತಿಯ ಅಣ್ಣ ಮೂವರೂ ಕೂತಿದ್ದರು. ಲೋಕನಾಥನಿಗೆ ಚಹಾ ಬಂತು, ಅವನು ಮುಟ್ಟಲಿಲ್ಲ. ಕುವೈತೂ ಇಲ್ಲ ಕತಾರೂ ಇಲ್ಲ, ಇವತ್ತು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಎಂದು ಬಸ್ಸಿನಲ್ಲೇ ನಿಶ್ಚಯ ಮಾಡಿದ್ದ. ಮೊದಲಿನಿಂದ ಕೊನೆಯವರೆಗೆ ಹೇಳಿದ. ಬಿಳಿ ಬಟ್ಟೆ ಹೇಳಿದ, ಹುಣಸೆಹುಳಿ ಹೇಳಿದ, ಸಲಾಮು, ಶರಬತ್ತು ಎಲ್ಲ ಹೇಳಿದ. ತಮ್ಮನಾದವನು ನಕ್ಕ. ಎಲ್ಲರಿಗೂ ತಪ್ಪು ಹೇಳಿ ಹೊಟ್ಟೆ ಹೊರೆಯುವವ ನೀನು, ಇದು ಮಾತ್ರ ಸರಿ ಅಂತ ನಾವು ಹೇಗೆ ನಂಬುವುದು ಎಂದ. ಹಾಜಿಯೂ ಗಡ್ಡ ನೀವುತ್ತ ರಸ್ತೆ ಕಡೆ ನೋಡಿದ. ಇಷ್ಟು ವರ್ಷದ ಕಸುಬು ತನ್ನ ಕಾಲಿಗೇ ಸುತ್ತಿಕೊಂಡಿತಲ್ಲ ಎಂದು ಲೋಕನಾಥನಿಗೆ ಅನಿಸಿತು. ಈ ಜನ ಕೇಳಿದ್ದನ್ನು ನಂಬುವುದಿಲ್ಲ. ತಾವೇ ತಿದ್ದಿದ್ದನ್ನು ಮಾತ್ರ ನಂಬುತ್ತಾರೆ.

ಕೊನೆಗೆ ಹಾಜಿ ಒಂದೇ ಒಂದು ವಿಷಯ ಕೇಳಿದ. ಅಷ್ಟೆಲ್ಲ ಕೊಟ್ಟು ಬರುವಾಗ ಇಬ್ರಾಹಿಂ ಏನು ಹೇಳಿದ?

ಲೋಕನಾಥ ಮೂವರ ಮುಖವನ್ನೂ ಒಮ್ಮೆ ನೋಡಿದ.

“ಅವನಿಗೆ ಬೇಜಾರು, ಹಾಜಿಯಾರ್. ಪಳ್ಳಿಗೆ ಅಂತ ನಿಯ್ಯತ್ತು ಮಾಡಿದ್ದು ಇಗರ್ಜಿಗೆ ಹೋಯ್ತು. ಹಾಗಾಗಿ ನಿಯ್ಯತ್ತು ಹಾಳಾಯ್ತು ಅಂತ ಕಾಣ್ತದೆ.”

ಹಾಜಿ ರಸ್ತೆಯಿಂದ ಕಣ್ಣು ತೆಗೆದ. ಅವನು ಪ್ರಾಯದಲ್ಲಿ ಎರ್ನಾಕುಳದಲ್ಲಿ ಮೀನಿನ ವ್ಯಾಪಾರ ಮಾಡಿದವನು, ತೆಂಕಣದ ಮಲಯಾಳ ಚೆನ್ನಾಗಿ ಗೊತ್ತಿದ್ದವನು.

“ಅದು ಹೇಗೆ ಹಾಳಾಗ್ತದೆ? ನಿಂಗೆ ಗೊತ್ತಿಲ್ಲ, ಸುಮ್ನಿರು. ಮನಸ್ಸಿನಲ್ಲಿ ಮಾಡಿದ್ದು ದೇವರಿಗೆ ಮುಟ್ಟಿ ಆಯ್ತು. ಮತ್ತೆ, ಇಗರ್ಜಿಗೆ ಎಂತ ಹೋದದ್ದು? ಪಳ್ಳಿಗೇ ಹೋದದ್ದು, ಮಾರಾಯ.”

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು. ತಮ್ಮನ ಕಡೆ ನೋಡಿದ, ತಮ್ಮ ನಗುವುದನ್ನು ನಿಲ್ಲಿಸಿದ್ದ. ಹಾಜಿ ಕಣ್ಣೊರೆಸಿಕೊಂಡು ಒಳಗಿನವರನ್ನು ಕರೆದು, ಇಬ್ರಾಹಿಮನ ನಂಬರು ಹುಡುಕಿ ಫೋನು ಹಚ್ಚಿ ಕೊಡಿ ಎಂದ.

“ಹೌದಾ, ಹಾಜಿಯಾರ್?” ಎಂದ ಲೋಕನಾಥ. ಆಮೇಲೆ ತಣ್ಣಗಾಗಿದ್ದ ಚಹಾ ತೆಗೆದುಕೊಂಡು ಕುಡಿದ.